ಹಳೆಯ ಪಿಕಪ್ ಗಾಡಿಗೆ ಬೇರೆ ವರ್ಷದ ಮಾದರಿಯ ಡೀಸೆಲ್ ಟ್ಯಾಂಕು: ಏನೇನು ಹೊಂದಬೇಕು?

ನೀರ್ಚಾಲಿನ ಕೃಷಿಕ:

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 2004ರ ಪಿಕಪ್ ಗಾಡಿ, ಮೆಕ್ಯಾನಿಕಲ್ ಪಂಪಿನ ಡೀಸೆಲ್ ಇಂಜಿನು. ಅಡಿಕೆ, ಗೊಬ್ಬರ, ಮಳೆಗಾಲದಲ್ಲಿ ಕೊಳೆರೋಗದ ಮದ್ದಿನ ಡ್ರಮ್ಮುಗಳು, ಎಲ್ಲವೂ ಅದರಲ್ಲೇ ಹೋಗಿಬರುತ್ತವೆ. ಮೈಲುತುತ್ತು (ತಾಮ್ರದ ಸಲ್ಫೇಟ್) ಕರಗಿಸಿದ ನೀರು ಹಿಂದಿನ ಹಲಗೆಯ ಸಂದಿನಿಂದ ಸೋರಿ ಬೀಳುತ್ತಿದ್ದ ಜಾಗದಲ್ಲೇ ಡೀಸೆಲ್ ಟ್ಯಾಂಕಿನ ಮೇಲ್ಭಾಗ ತಿಂದುಹೋಗಿದೆ. ಈಗ ಮಳೆ ಬಂದರೆ ನೀರು ಒಳಗಿಳಿಯುತ್ತದೆ, ಫಿಲ್ಟರಿನಲ್ಲಿ ಕಂದು ಕೆಸರು ನಿಲ್ಲುತ್ತದೆ, ಏರು ಹತ್ತುವಾಗ ಇಂಜಿನು ಎಳೆಯುವುದಿಲ್ಲ.

ಗುಜರಿ ಅಂಗಡಿಯೊಂದರಲ್ಲಿ ಅದೇ ಕಂಪೆನಿಯ 2014ರ ಕಾಮನ್ ರೈಲ್ (ಎಲ್ಲ ಸಿಲಿಂಡರುಗಳಿಗೂ ಒಂದೇ ಕೊಳವೆಯಿಂದ ಹೆಚ್ಚು ಒತ್ತಡದ ಡೀಸೆಲು ಹೋಗುವ ಇಂಜಿನಿನ) ಪಿಕಪ್‌ನ ಟ್ಯಾಂಕು ಸಿಕ್ಕಿದೆ. ನೋಡಲು ಒಳ್ಳೆಯ ಸ್ಥಿತಿಯಲ್ಲಿದೆ, ನನ್ನದಕ್ಕಿಂತ ಸ್ವಲ್ಪ ಆಳವಾಗಿಯೂ ಇದೆ. ಕೇರಳದಲ್ಲಿ 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ ಸೇರಿದ ಮೇಲೆ ಮಂಗಳೂರಿಗೆ ಹೋದಾಗಲೆಲ್ಲ ಕರ್ನಾಟಕದ ಗಡಿಯ ತಲಪಾಡಿ ದಾಟಿ ಡೀಸೆಲು ತುಂಬಿಸಿಕೊಂಡು ಬರುವವರಲ್ಲಿ ನಾನೂ ಒಬ್ಬನಾದ್ದರಿಂದ, ಟ್ಯಾಂಕು ಸ್ವಲ್ಪ ದೊಡ್ಡದಾದರೆ ನನಗೆ ಅನುಕೂಲವೇ. ಹತ್ತು ವರ್ಷ ಅಂತರದ ಈ ಟ್ಯಾಂಕು ನನ್ನ ಗಾಡಿಗೆ ಕೂರುತ್ತದೆಯೇ, ಕೂರಿಸಿದರೆ ಏನೇನು ಬದಲಿಸಬೇಕು ಎಂದು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉಪ್ಪಳದ ವರ್ಕ್‌ಶಾಪಿನವರು:

ಅಣ್ಣ, ಮಾದರಿಯ ವರ್ಷವನ್ನು ಮೊದಲು ಬದಿಗಿಡಿ. ಒಂದೇ ಕಂಪೆನಿಯ, ಒಂದೇ ಹೆಸರಿನ ಗಾಡಿಯಲ್ಲಿ ಹದಿನೈದು ವರ್ಷ ಟ್ಯಾಂಕು ಬದಲಾಗದೆ ಇರಬಹುದು. ಎರಡು ವರ್ಷದೊಳಗೆ ಪೂರ್ತಿ ಬದಲಾಗಲೂಬಹುದು. ನೋಡಬೇಕಾದದ್ದು ಇಂಜಿನಿನ ಪಂಪು ಯಾವುದು ಎಂಬುದನ್ನು. ನಿಮ್ಮ ಮೆಕ್ಯಾನಿಕಲ್ ಪಂಪು ಟ್ಯಾಂಕಿನಿಂದ ಎಳೆದುಕೊಂಡ ಡೀಸೆಲಿನಲ್ಲಿ ಮಿಕ್ಕದ್ದನ್ನು ತೆಳ್ಳನೆಯ ರಿಟರ್ನ್ ಪೈಪಿನಲ್ಲಿ ವಾಪಸು ಕಳಿಸುತ್ತದೆ. ಕಾಮನ್ ರೈಲ್ ಇಂಜಿನಿನಲ್ಲಿ ಡೀಸೆಲನ್ನು 1000 ಬಾರ್‌ಗಿಂತಲೂ ಹೆಚ್ಚಿನ ಒತ್ತಡಕ್ಕೆ ಏರಿಸುವುದರಿಂದ ವಾಪಸು ಬರುವ ಡೀಸೆಲು ಬಿಸಿಯಾಗಿಯೂ ಇರುತ್ತದೆ, ಪ್ರಮಾಣದಲ್ಲಿಯೂ ಹೆಚ್ಚು. ಆ ಟ್ಯಾಂಕಿನ ರಿಟರ್ನ್ ನಳಿಗೆ ಅದಕ್ಕೆ ತಕ್ಕ ಅಗಲದ್ದು. ದೊಡ್ಡ ನಳಿಗೆಗೆ ಸಣ್ಣ ಪೈಪು ಜೋಡಿಸುವುದು ಕಷ್ಟವಲ್ಲ, ಹಾಗಾಗಿ ಹೊಸ ಟ್ಯಾಂಕನ್ನು ಹಳೆಯ ಗಾಡಿಗೆ ತರುವ ನಿಮ್ಮ ದಾರಿ ನಡೆಯುವ ದಾರಿಯೇ. ಇದರ ತಿರುವುಮುರುವು ಕೆಲಸಕ್ಕೆ, ಅಂದರೆ ಹಳೆಯ ಟ್ಯಾಂಕನ್ನು ಕಾಮನ್ ರೈಲ್ ಗಾಡಿಗೆ ಕೂರಿಸಲು, ಯಾರೂ ಕೈಹಾಕದಿರಲಿ. ರಿಟರ್ನ್ ಇಕ್ಕಟ್ಟಾಗುತ್ತದೆ, ಹಳೆಯ ತುಕ್ಕಿನ ಪುಡಿ ಸಾವಿರಾರು ರೂಪಾಯಿ ಬೆಲೆಯ ಇಂಜೆಕ್ಟರುಗಳಿಗೆ, ಅಂದರೆ ಇಂಜಿನಿನೊಳಕ್ಕೆ ಡೀಸೆಲು ಸಿಂಪಡಿಸುವ ಭಾಗಗಳಿಗೆ, ಹೋಗುತ್ತದೆ.

ಇನ್ನು ಕೂರಿಸುವ ವಿಚಾರ. ನಿಮ್ಮ ಚಾಸಿಸ್‌ನಲ್ಲಿರುವ ಬ್ರ್ಯಾಕೆಟ್ಟುಗಳ ನಡುವಿನ ಅಂತರ, ಟ್ಯಾಂಕನ್ನು ಹಿಡಿದಿಡುವ ಪಟ್ಟಿಗಳ ಅಗಲ ಮತ್ತು ಸುತ್ತಳತೆ, ಟ್ಯಾಂಕಿನ ಒಟ್ಟು ಉದ್ದ, ಈ ಮೂರನ್ನು ಟೇಪು ಹಿಡಿದು ಅಳೆಯಿರಿ. ಟ್ಯಾಂಕು ಆಳವಾಗಿದ್ದರೆ ಅದು ಕೆಳಕ್ಕೆ ಇಳಿಯುತ್ತದೆ; ನಿಮ್ಮ ತೋಟದ ದಾರಿಯಲ್ಲಿ ಮುರಕಲ್ಲಿನ ಮೊನೆ ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಪೂರ್ತಿ ಹೇರು ಹಾಕಿ, ಲೀಫ್ ಸ್ಪ್ರಿಂಗು ಕುಸಿದ ಸ್ಥಿತಿಯಲ್ಲಿ ಟ್ಯಾಂಕಿನ ತಳ ನೆಲದಿಂದ ಎಷ್ಟು ಮೇಲಿದೆ ಎಂದು ಅಳೆಯಬೇಕೇ ಹೊರತು ಖಾಲಿ ಗಾಡಿಯಲ್ಲಿ ಅಲ್ಲ. ಸೈಲೆನ್ಸರ್ ಪೈಪು ಮತ್ತು ಪ್ರೊಪೆಲ್ಲರ್ ಶಾಫ್ಟಿಗೆ ಎಲ್ಲಿಯೂ ತಾಗಬಾರದು, ಸೈಲೆನ್ಸರಿನ ಹತ್ತಿರ ಬರುವುದಾದರೆ ನಡುವೆ ತಗಡಿನ ಮರೆಯೊಂದು ಬೇಕು.

ಗುಜರಿಯಿಂದ ಟ್ಯಾಂಕು ಮಾತ್ರ ತರಬೇಡಿ. ಅದರ ಪಟ್ಟಿ, ಪಟ್ಟಿಯಡಿಯ ರಬ್ಬರು, ಡೀಸೆಲಿನ ಮಟ್ಟ ಅಳೆಯುವ ಫ್ಲೋಟು, ಮುಚ್ಚಳ, ತುಂಬಿಸುವ ಕುತ್ತಿಗೆಯ ಪೈಪು, ಎಲ್ಲವನ್ನೂ ಕೇಳಿ ಪಡೆಯಿರಿ. ಇವುಗಳಲ್ಲಿ ಒಂದು ಸಿಗದೆ ಹೋದರೂ ಅದನ್ನು ಹುಡುಕುತ್ತ ಕಾಸರಗೋಡಿನಿಂದ ಮಂಗಳೂರಿನವರೆಗೆ ಅಲೆಯಬೇಕಾಗುತ್ತದೆ.

ಹೊಸಂಗಡಿ ಮೀನು ಸಾಗಾಟ:

ಮೇಲೆ ರಬ್ಬರಿನ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ನಮ್ಮ ಗಾಡಿಗಳಲ್ಲಿ ಮಂಜುಗಡ್ಡೆಯ ಉಪ್ಪುನೀರು ಸದಾ ಸೋರುತ್ತಿರುತ್ತದೆ. ಟ್ಯಾಂಕು ತೂತಾಗುವುದು ಬಯಲಿಗೆ ಕಾಣುವ ಜಾಗದಲ್ಲಿ ಅಲ್ಲ, ಪಟ್ಟಿಯ ಅಡಿಯಲ್ಲಿ. ಅಲ್ಲಿ ರಬ್ಬರಿನ ಹಿಂದೆ ನೀರು ನಿಂತು ಒಣಗದೆ ಉಳಿಯುತ್ತದೆ. ಗುಜರಿಯ ಟ್ಯಾಂಕನ್ನು ಕೊಳ್ಳುವ ಮೊದಲು ಪಟ್ಟಿಯ ಗುರುತಿರುವ ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಸದ್ದು ಸತ್ತಂತೆ ಕೇಳಿಸಿದರೆ ಅಂಥ ಟ್ಯಾಂಕು ಬೇಡ.

ಮುಳ್ಳೇರಿಯದ ವಯರಿಂಗ್ ಕೆಲಸಗಾರ:

ಟ್ಯಾಂಕು ಕೂರುತ್ತದೆ, ಡೀಸೆಲು ಹರಿಯುತ್ತದೆ, ಆದರೆ ಗೇಜಿನ ಮುಳ್ಳು ಸುಳ್ಳು ಹೇಳುತ್ತದೆ ಎಂಬ ದೂರಿನೊಂದಿಗೆ ನನ್ನಲ್ಲಿಗೆ ಬರುವವರೇ ಹೆಚ್ಚು. ಆದ್ದರಿಂದ ಫ್ಲೋಟಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಟ್ಯಾಂಕಿನೊಳಗಿನ ಫ್ಲೋಟು ಮೇಲೆ ಕೆಳಗೆ ಹೋದಂತೆ ಅದಕ್ಕೆ ಜೋಡಿಸಿದ ತಂತಿಸುರುಳಿಯ ವಿದ್ಯುತ್ ರೋಧ ಬದಲಾಗುತ್ತದೆ. ಡ್ಯಾಶ್‌ಬೋರ್ಡಿನ ಗೇಜು ಆ ರೋಧವನ್ನೇ ಡೀಸೆಲಿನ ಮಟ್ಟವಾಗಿ ತೋರಿಸುತ್ತದೆ. ಈ ರೋಧಕ್ಕೆ ಜಗತ್ತಿನಲ್ಲಿ ಒಂದೇ ಅಳತೆ ಇಲ್ಲ. ಖಾಲಿಯಿದ್ದಾಗ 10 ಓಮ್, ತುಂಬಿದಾಗ 180 ಓಮ್ ಎಂಬುದು ಯುರೋಪಿನ ಒಂದು ಕ್ರಮ. ಖಾಲಿಗೆ 240, ತುಂಬಿದ್ದಕ್ಕೆ 33 ಎಂಬುದು ಅಮೆರಿಕದ ಬಿಡಿಭಾಗಗಳಲ್ಲಿ ಬಹಳ ಬಳಕೆಯಲ್ಲಿರುವ ಕ್ರಮ. ಅಳತೆ ಮಾತ್ರವಲ್ಲ, ಏರುವ ದಿಕ್ಕೇ ಬೇರೆಯಾಗಿದೆ ಎಂಬುದನ್ನು ಗಮನಿಸಿ. ಒಂದು ಕ್ರಮದ ಫ್ಲೋಟನ್ನು ಇನ್ನೊಂದು ಕ್ರಮದ ಗೇಜಿಗೆ ಜೋಡಿಸಿದರೆ ಟ್ಯಾಂಕು ಬರಿದಾಗುತ್ತ ಬಂದಂತೆ ಮುಳ್ಳು ತುಂಬಿದ ಕಡೆಗೆ ಏರುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ನಿಮ್ಮ ಹಳೆಯ ಫ್ಲೋಟನ್ನೂ ಹೊಸ ಟ್ಯಾಂಕಿನ ಫ್ಲೋಟನ್ನೂ ಹೊರತೆಗೆದು ಮೇಜಿನ ಮೇಲಿಡಿ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ತೋಳನ್ನು ಪೂರ್ತಿ ಕೆಳಗೆ, ನಡುವೆ ಮತ್ತು ಪೂರ್ತಿ ಮೇಲೆ ಇರಿಸಿ ಎರಡರದ್ದೂ ಬರೆದುಕೊಳ್ಳಿ. ತೋಳನ್ನು ನಿಧಾನವಾಗಿ ಎತ್ತುವಾಗ ಅಂಕಿ ನಡುವೆ ಎಲ್ಲಾದರೂ ಹಾರಿದರೆ ಆ ಫ್ಲೋಟು ಸವೆದಿದೆ ಎಂದರ್ಥ. ಗೇಜಿನ ತಂತಿಗೆ ಪರೀಕ್ಷೆಗೆಂದು ಯಾವ ಕಾರಣಕ್ಕೂ ನೇರ 12 ವೋಲ್ಟ್ ಕೊಡಬೇಡಿ.

ಭೂಸಂಪರ್ಕವನ್ನು, ಅಂದರೆ ಅರ್ತ್ ತಂತಿಯನ್ನು, ಮರೆಯಬಾರದು. ರಬ್ಬರಿನ ಮೇಲೆ ಕುಳಿತ, ದಪ್ಪ ಬಣ್ಣ ಬಳಿದ ಟ್ಯಾಂಕಿಗೆ ಚಾಸಿಸ್ಸಿನೊಂದಿಗೆ ಸಂಪರ್ಕವೇ ಇರುವುದಿಲ್ಲ. ಫ್ಲೋಟಿನ ತಟ್ಟೆಯಿಂದ ಚಾಸಿಸ್ಸಿಗೆ ಪ್ರತ್ಯೇಕ ತಂತಿಯನ್ನು ಎಳೆಯಿರಿ. ಈ ತಂತಿ ಕಡಿದರೆ ರೋಧ ಅಪರಿಮಿತವಾಗುತ್ತದೆ. ರೋಧ ಹೆಚ್ಚಿದಷ್ಟೂ ತುಂಬಿದೆ ಎಂದು ಓದುವ ಗೇಜಾಗಿದ್ದರೆ ಅದು ಖಾಲಿ ಟ್ಯಾಂಕನ್ನೂ ತುಂಬಿದೆ ಎಂದೇ ತೋರಿಸುತ್ತ ನಿಮ್ಮನ್ನು ನಡುದಾರಿಯಲ್ಲಿ ನಿಲ್ಲಿಸುತ್ತದೆ.

ಕುಂಬಳೆಯ ಗಲ್ಫ್ ಮೆಕ್ಯಾನಿಕ್:

ವಯರಿಂಗಿನ ಸ್ನೇಹಿತರು ಹೇಳಿದ ಮಾತು ಅಕ್ಷರಶಃ ಸತ್ಯ. ಕೊಲ್ಲಿ ದೇಶದ ಗ್ಯಾರೇಜಿನಲ್ಲಿ ಕೆಲಸ ಮಾಡುವಾಗ ಅಮೆರಿಕದ ಹಳೆಯ ಪಿಕಪ್‌ಗಳನ್ನು ಬಿಚ್ಚಿ ಕಟ್ಟಿದ್ದೇನೆ. ಫೋರ್ಡ್ ಪಿಕಪ್‌ಗಳಲ್ಲಿ 1986ರವರೆಗಿನ ಫ್ಲೋಟು ಖಾಲಿಗೆ ಸುಮಾರು 73 ಓಮ್, ತುಂಬಿದ್ದಕ್ಕೆ ಸುಮಾರು 10 ಓಮ್. 1987ರಿಂದ ಅದು ಖಾಲಿಗೆ 16, ತುಂಬಿದ್ದಕ್ಕೆ 158 ಆಯಿತು. ಹೊರಗಿನಿಂದ ನೋಡಿದರೆ ಅದೇ ಗಾಡಿ. ಹೊಸ ಟ್ಯಾಂಕನ್ನು ಅದರ ಫ್ಲೋಟಿನ ಸಮೇತ 1985ರ ಗಾಡಿಗೆ ಹಾಕಿದವರಿಗೆ ಗೇಜು ತಲೆಕೆಳಗಾಗಿ ಓಡುತ್ತದೆ.

ಅದೇ ಕಾಲದಲ್ಲಿ ಅಲ್ಲಿನ ಪೆಟ್ರೋಲು ಪಿಕಪ್‌ಗಳು ಕಾರ್ಬುರೇಟರಿನಿಂದ ಇಂಜೆಕ್ಷನ್ನಿಗೆ ಬದಲಾದವು. ಕಾರ್ಬುರೇಟರಿಗೆ ಇಂಜಿನಿನ ಪಕ್ಕದ ಸಣ್ಣ ಪಂಪು ಸಾಕಿತ್ತು. ಇಂಜೆಕ್ಷನ್ನಿಗೆ ಟ್ಯಾಂಕಿನೊಳಗೇ ವಿದ್ಯುತ್ ಪಂಪು ಬಂತು. ಅಲ್ಲಿ ಟ್ಯಾಂಕಿನ ಜಾಗವೂ ಬದಲಾಗಿದೆ: ಷೆವ್ರೊಲೆ ಪಿಕಪ್‌ಗಳಲ್ಲಿ 1972ರವರೆಗೆ ಟ್ಯಾಂಕು ಕ್ಯಾಬಿನ್ನಿನೊಳಗೆ, ಆಸನದ ಬೆನ್ನ ಹಿಂದೆ ಇರುತ್ತಿತ್ತು, 1973ರ ಮಾದರಿಯಿಂದ ಚಾಸಿಸ್ಸಿನ ಹೊರಬದಿಗೆ ಹೋಯಿತು. ನಮ್ಮ ದೇಲಂಪಾಡಿ, ಅಡೂರು ಕಡೆಯ ಹಿರಿಯರು ಓಡಿಸುತ್ತಿದ್ದ ಹಳೆಯ ಸಿಜೆ ಜೀಪುಗಳಲ್ಲಿ ಟ್ಯಾಂಕು ಚಾಲಕನ ಆಸನದಡಿಯಲ್ಲೇ ಇತ್ತಲ್ಲ, ಅಂಥದ್ದೇ ವ್ಯತ್ಯಾಸ.

ನೀರ್ಚಾಲಿನವರೇ, ನೀವು ನೋಡಿದ 2014ರ ಟ್ಯಾಂಕಿನೊಳಗೆ ವಿದ್ಯುತ್ ಪಂಪು ಇದೆಯೇ ಎಂದು ಪರೀಕ್ಷಿಸಿ. ಕೆಲವು ಕಾಮನ್ ರೈಲ್ ಗಾಡಿಗಳಲ್ಲಿ ಇರುತ್ತದೆ. ಇದ್ದರೆ, ಅದನ್ನು ಹಾಗೆಯೇ ಬಿಟ್ಟು ಅದರ ಮೂಲಕ ಡೀಸೆಲು ಎಳೆಯುವಂತೆ ಜೋಡಿಸಬೇಡಿ. ಓಡದ ಪಂಪು ದಾರಿಗಡ್ಡವಾಗಿ ನಿಲ್ಲುತ್ತದೆ. ಅದನ್ನು ತೆಗೆದು ಬರಿಯ ಹೀರುನಳಿಗೆಯನ್ನು ಹಾಕಿಸಬೇಕು.

ಅಕ್ಕಲಕೋಟೆಯ ಚಾಲಕ:

ಇಷ್ಟೆಲ್ಲ ತಾಪತ್ರಯ ಯಾಕ್ರೀ ಸರ? ಸೊಲ್ಲಾಪುರದ ಕಡೆ ನಮ್ಮವರು ಜಿಐ ಶೀಟು ತಂದು, ಬೇಕಾದ ಅಳತೆಗೆ ಹೊಸ ಟ್ಯಾಂಕನ್ನೇ ಕಟ್ಟಿಸಿಕೊಳ್ಳುತ್ತಾರೆ. ತುಕ್ಕು ಹಿಡಿಯುವುದಿಲ್ಲ, ಬೆಲೆಯೂ ಕಡಿಮೆ. ಇಲ್ಲವೇ ಹಳೆಯ ಟ್ಯಾಂಕಿನ ತೂತಿಗೇ ವೆಲ್ಡಿಂಗ್ ಮಾಡಿಸಬಹುದಲ್ಲ? ಡೀಸೆಲಿಗೆ ಪೆಟ್ರೋಲಿನಂತೆ ಬೆಂಕಿ ಹತ್ತುವುದಿಲ್ಲ.

ಉಪ್ಪಳದ ವರ್ಕ್‌ಶಾಪಿನವರು:

ಸರ್, ತಾವು ಹೇಳಿದ ಎರಡು ಮಾತಿಗೂ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಇದನ್ನು ಓದುವ ಎಳೆಯ ಹುಡುಗರು ಯಾರಾದರೂ ಅನುಸರಿಸಿಬಿಟ್ಟಾರು ಎಂಬ ಆತಂಕದಿಂದ ಬಿಡಿಸಿ ಬರೆಯುತ್ತೇನೆ, ಬೇಸರಿಸಬೇಡಿ.

ಜಿಐ ಶೀಟಿಗೆ ತುಕ್ಕು ಹಿಡಿಯದಿರುವುದು ಅದರ ಮೇಲಿನ ಸತುವಿನ ಲೇಪದಿಂದ. ಡೀಸೆಲು ಹಳತಾದಂತೆ ಅದರಲ್ಲಿ ಹುಟ್ಟುವ ಆಮ್ಲಗಳು ಆ ಸತುವನ್ನು ಕರಗಿಸಿಕೊಳ್ಳುತ್ತವೆ. ಕರಗಿದ ಸತು ಸಾಬೂನಿನಂಥ ಜಿಗುಟಾಗಿ ಫಿಲ್ಟರಿನಲ್ಲಿಯೂ ಇಂಜೆಕ್ಟರಿನ ಸೂಕ್ಷ್ಮ ರಂಧ್ರಗಳಲ್ಲಿಯೂ ಕೂರುತ್ತದೆ. ತಾಮ್ರದ ಪೈಪೂ ಒಳ್ಳೆಯದಲ್ಲ, ಅದು ಡೀಸೆಲನ್ನು ಬೇಗ ಕೆಡಿಸುತ್ತದೆ. ಕಂಪೆನಿಗಳು ಹಿಂದೆ ಟ್ಯಾಂಕಿನ ತಗಡಿಗೆ ಸೀಸ ಮತ್ತು ತವರದ ಲೇಪ ಹಾಕುತ್ತಿದ್ದುದಕ್ಕೂ, ಈಗ ಪ್ಲಾಸ್ಟಿಕ್ಕಿಗೆ ಹೋಗಿರುವುದಕ್ಕೂ ಕಾರಣಗಳಿವೆ.

ವೆಲ್ಡಿಂಗಿನ ಮಾತು ಇದಕ್ಕಿಂತ ಗಂಭೀರ. ನಮ್ಮ ದೇಶದ ಮಾನದಂಡದಲ್ಲಿ ಡೀಸೆಲಿನ ಕನಿಷ್ಠ ಫ್ಲ್ಯಾಶ್ ಪಾಯಿಂಟು 35 ಡಿಗ್ರಿ ಸೆಲ್ಸಿಯಸ್, ಅಂದರೆ ಅಷ್ಟು ಬಿಸಿಗೆ ಮೇಲೇಳುವ ಆವಿಗೂ ಕಿಡಿ ಹತ್ತಬಹುದು. ಏಪ್ರಿಲಿನ ಮಧ್ಯಾಹ್ನ ಅಂಗಳದಲ್ಲಿಟ್ಟ ಕಬ್ಬಿಣದ ಟ್ಯಾಂಕು ಅದಕ್ಕಿಂತ ಬಿಸಿಯಾಗಿರುತ್ತದೆ. ಖಾಲಿ ಟ್ಯಾಂಕಿನ ಸಂದುಗೊಂದುಗಳಲ್ಲಿ, ತುಕ್ಕಿನ ಪದರದಡಿಯಲ್ಲಿ ಉಳಿದ ಡೀಸೆಲು ವೆಲ್ಡಿಂಗಿನ ಕಾವಿಗೆ ಆವಿಯಾಗಿ, ಒಳಗಿನ ಗಾಳಿಯೊಂದಿಗೆ ಬೆರೆತು ಸಿಡಿಯುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯಕಾರಿ. ಈ ಕೆಲಸವನ್ನೇ ಮಾಡುವ ರೇಡಿಯೇಟರ್ ಮತ್ತು ಟ್ಯಾಂಕು ರಿಪೇರಿಯವರು ಸಾಬೂನುನೀರು, ಹಬೆಗಳಿಂದ ಮತ್ತೆ ಮತ್ತೆ ತೊಳೆದು, ಬೆಸೆಯುವ ಜಾಗದ ಹತ್ತಿರದವರೆಗೂ ನೀರು ತುಂಬಿಸಿಕೊಂಡೇ ಮುಟ್ಟುತ್ತಾರೆ. ಮನೆಯಂಗಳದಲ್ಲಿ ಮಾಡುವ ಕೆಲಸ ಇದಲ್ಲ.

ತಾಳವಾಡಿಯ ತರಕಾರಿ ಸಾಗಾಟಗಾರ:

ಉಪ್ಪಳದವರ ಮಾತಿಗೆ ನನ್ನ ಸಹಮತವಿದೆ. ನಾವು ತಾಳವಾಡಿಯಿಂದ ಸತ್ಯಮಂಗಲಕ್ಕೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು ಹತ್ತುವವರು. ಬೇರೆ ಮಾದರಿಯ ಟ್ಯಾಂಕು ಹಾಕಿದ ಗಾಡಿಗಳ ಒಂದು ದೋಷ ಸಮತಟ್ಟಾದ ರಸ್ತೆಯಲ್ಲಿ ಕಾಣುವುದೇ ಇಲ್ಲ, ಘಾಟಿಯಲ್ಲಿ ಮಾತ್ರ ಹೊರಬೀಳುತ್ತದೆ. ಉದ್ದನೆಯ ಟ್ಯಾಂಕಿನಲ್ಲಿ ಹೀರುನಳಿಗೆ ಯಾವ ತುದಿಯಲ್ಲಿದೆ ಎಂಬುದೇ ಮುಖ್ಯ. ಅದು ಮುಂದಿನ ತುದಿಯಲ್ಲಿದ್ದು, ಒಳಗೆ ತಡೆತಗಡುಗಳೂ ಇಲ್ಲದಿದ್ದರೆ, ಕಾಲು ಟ್ಯಾಂಕು ಡೀಸೆಲಿರುವಾಗ ಏರಿನಲ್ಲಿ ಎಲ್ಲವೂ ಹಿಂದಕ್ಕೆ ಸರಿದು ನಳಿಗೆ ಗಾಳಿ ಹೀರುತ್ತದೆ. ಇಂಜಿನು ನಿಂತರೆ ಮತ್ತೆ ಗಾಳಿ ಬಿಡಿಸದೆ ಹೊರಡುವುದಿಲ್ಲ, ಹಿಂದೆ ವಾಹನಗಳ ಸಾಲು ನಿಲ್ಲುತ್ತದೆ. ಟಾರ್ಚು ಹಾಕಿ ಒಳಗೆ ತಡೆತಗಡು ಇದೆಯೇ ಎಂದು ನೋಡಿಯೇ ಕೊಳ್ಳಿ. ರಿಟರ್ನ್ ನಳಿಗೆಯ ಬಾಯಿ ಹೀರುನಳಿಗೆಯ ಪಕ್ಕದಲ್ಲೇ ತೆರೆದರೆ ನೊರೆಯ ಡೀಸೆಲು ಮತ್ತೆ ಪಂಪಿಗೆ ಹೋಗುತ್ತದೆ, ಅದನ್ನೂ ಗಮನಿಸಬೇಕು.

ಮುಚ್ಚಳದ ವಿಷಯವನ್ನು ಇನ್ನೂ ಯಾರೂ ಎತ್ತಿಲ್ಲ. ಹಳೆಯ ಟ್ಯಾಂಕುಗಳಲ್ಲಿ ಗಾಳಿ ಒಳಗೆ ಬರುವುದು ಮುಚ್ಚಳದ ಸಣ್ಣ ರಂಧ್ರದ ಮೂಲಕ. ಹೊಸ ಟ್ಯಾಂಕುಗಳಲ್ಲಿ ಮುಚ್ಚಳ ಬಿಗಿಯಾಗಿದ್ದು, ಗಾಳಿಗೆ ಬೇರೆ ಪೈಪು ಇರುತ್ತದೆ. ಗಾಡಿ ಮಗುಚಿದರೆ ಡೀಸೆಲು ಚೆಲ್ಲದಂತೆ ಅದರಲ್ಲಿ ಕವಾಟವನ್ನೂ ಇಡುತ್ತಾರೆ. ಆ ಪೈಪು ಯಾವುದಕ್ಕೆಂದು ತಿಳಿಯದೆ ಬಾಯಿಗೆ ಬೋಲ್ಟು ಹೊಡೆದು ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಏರುತ್ತ ಹೋಗುತ್ತದೆ. ಬೆಳಿಗ್ಗೆ ಚೆನ್ನಾಗಿ ಹೊರಟ ಗಾಡಿ ಸ್ವಲ್ಪ ದೂರ ಹೋದ ಮೇಲೆ ಎಳೆಯದಾಗುತ್ತದೆ. ಮುಚ್ಚಳ ತೆರೆದರೆ ಉಸ್ಸೆಂದು ಗಾಳಿ ಒಳನುಗ್ಗಿ ಸರಿಯಾಗುತ್ತದೆ. ಮೆಕ್ಯಾನಿಕ್ಕುಗಳು ಪಂಪು ಕೆಟ್ಟಿದೆ ಎಂದು ತಪ್ಪು ತಿಳಿಯುವುದು ಇಂಥಲ್ಲಿಯೇ.

ಪೆರ್ಲದ ವಾಹನ ದಾಖಲೆ ಸಲಹೆಗಾರ್ತಿ:

ತಾಂತ್ರಿಕ ವಿಷಯವನ್ನು ಅಣ್ಣಂದಿರು ಹೇಳಿದ್ದಾರೆ, ಕಾಗದಪತ್ರದ ಬಗ್ಗೆ ಮಾತ್ರ ನಾನು ಬರೆಯುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಈ ಸೆಕ್ಷನ್ನನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಅದೇ ಕಂಪೆನಿಯ ಟ್ಯಾಂಕನ್ನು ಅದೇ ಜಾಗದಲ್ಲಿ, ಅದೇ ಇಂಧನಕ್ಕೆ ಕೂರಿಸುವುದು ಒಂದು. ತಲಪಾಡಿಯ ಅಗ್ಗದ ಡೀಸೆಲಿನ ಆಸೆಗೆ ಎರಡನೆಯ ಟ್ಯಾಂಕೊಂದನ್ನು ಚಾಸಿಸ್ಸಿಗೆ ಬೆಸೆಯುವುದು ಇನ್ನೊಂದು. ಎರಡನೆಯದನ್ನು ದಯವಿಟ್ಟು ಮಾಡಬೇಡಿ.

ನಿಮ್ಮದು ಸರಕು ಸಾಗಣೆಯ ವಾಹನ, ಎಂಟು ವರ್ಷ ದಾಟಿರುವುದರಿಂದ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು. ಕೆಲಸಕ್ಕೆ ಮೊದಲೇ ನಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಟ್ಯಾಂಕಿನ ರಸೀದಿಯನ್ನು, ಅದು ಯಾವ ಗಾಡಿಯಿಂದ ಬಂದದ್ದು ಎಂಬ ವಿವರದೊಂದಿಗೆ, ಕೇಳಿ ಪಡೆದು ಇಟ್ಟುಕೊಳ್ಳಿ. ವಿಮಾ ಕಂಪೆನಿಗೂ ಒಂದು ಪತ್ರ ಹಾಕಿದರೆ ಮುಂದೆ ಬೆಂಕಿ ಅವಘಡದಂಥ ಸಂದರ್ಭದಲ್ಲಿ ತಕರಾರಿಗೆ ಎಡೆಯಿರುವುದಿಲ್ಲ.

ನೀರ್ಚಾಲಿನ ಕೃಷಿಕ:

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಅಳತೆ ಹಿಡಿದು ನೋಡಿದೆ. ಬ್ರ್ಯಾಕೆಟ್ಟಿನ ಅಂತರ ಹೊಂದುತ್ತದೆ, ಪಟ್ಟಿಗಳು ಮಾತ್ರ ಹೊಸ ಟ್ಯಾಂಕಿನವೇ ಬೇಕು, ಅವೂ ಸಿಕ್ಕಿವೆ. ಒಳಗೆ ಎರಡು ತಡೆತಗಡುಗಳಿವೆ, ವಿದ್ಯುತ್ ಪಂಪು ಇಲ್ಲ. ಹೇರು ಹಾಕಿ ನೋಡಿದಾಗಲೂ ನೆಲಕ್ಕೆ ಸಾಕಷ್ಟು ಅಂತರ ಉಳಿಯುತ್ತದೆ. ಆದರೆ ಮುಳ್ಳೇರಿಯದವರು ಎಚ್ಚರಿಸಿದ್ದೇ ಆಗಿದೆ: ಎರಡು ಫ್ಲೋಟುಗಳ ಓಮ್ ಅಂಕಿಗಳು ವಿರುದ್ಧ ದಿಕ್ಕಿನಲ್ಲಿ ಓಡುತ್ತವೆ. ಹಳೆಯ ಫ್ಲೋಟನ್ನು ಹೊಸ ಟ್ಯಾಂಕಿಗೆ ಇಳಿಸೋಣವೆಂದರೆ ತಟ್ಟೆಯ ತೂತುಗಳು ಹೊಂದುವುದಿಲ್ಲ, ತೋಳೂ ಗಿಡ್ಡವಾಗುತ್ತದೆ. ಗೇಜನ್ನೇ ಬದಲಿಸಲೇ?

ಮುಳ್ಳೇರಿಯದ ವಯರಿಂಗ್ ಕೆಲಸಗಾರ:

ಗೇಜು ಬದಲಿಸಬೇಡಿ. ಡ್ಯಾಶ್‌ಬೋರ್ಡು ಬಿಚ್ಚಿದರೆ ಹಳೆಯ ಕ್ಲಿಪ್ಪುಗಳು ಮುರಿಯುತ್ತವೆ, ಹೊಸ ಗೇಜು ಆ ಗೂಡಿನಲ್ಲಿ ಕೂರುವುದೂ ಇಲ್ಲ. ಟ್ಯಾಂಕು ಚಾಸಿಸ್ಸಿಗೆ ಹೊಂದಬೇಕು, ಫ್ಲೋಟು ಗೇಜಿಗೆ ಹೊಂದಬೇಕು, ಅಷ್ಟೇ. ನಿಮ್ಮ ಹಳೆಯ ಕ್ರಮದ ಹೊಸ ಫ್ಲೋಟೊಂದನ್ನು ಕೊಂಡು, ಹೊಸ ಟ್ಯಾಂಕಿನ ಬಾಯಿಗೆ ಸರಿಹೊಂದುವ ಕಬ್ಬಿಣದ ತಟ್ಟೆಯೊಂದನ್ನು ಲೇತಿನಲ್ಲಿ ಮಾಡಿಸಿ. ಒಂದು ಸುತ್ತು ಹೊಸ ಟ್ಯಾಂಕಿನ ತೂತುಗಳು, ಒಳಸುತ್ತು ಫ್ಲೋಟಿನ ತೂತುಗಳು. ನಡುವೆ ಡೀಸೆಲಿಗೆ ಕರಗದ ನೈಟ್ರೈಲ್ ರಬ್ಬರಿನ ಗ್ಯಾಸ್ಕೆಟ್ಟು ಹಾಕಿ, ಸೈಕಲ್ ಟ್ಯೂಬು ಕತ್ತರಿಸಿ ಹಾಕಿದರೆ ಡೀಸೆಲಿಗೆ ಉಬ್ಬಿ ಹಾಳಾಗುತ್ತದೆ.

ತೋಳಿನ ಸರಿಗೆಯನ್ನು ಹೊಸ ಟ್ಯಾಂಕಿನ ಆಳಕ್ಕೆ ತಕ್ಕಂತೆ ಉದ್ದ ಮಾಡಬೇಕು. ಫ್ಲೋಟು ತಳಕ್ಕೆ ತಾಗುವ ಸ್ವಲ್ಪ ಮೊದಲೇ ಗೇಜು ಖಾಲಿ ತೋರಿಸುವಂತೆ ಬಾಗಿಸಿ. ಆ ಸ್ವಲ್ಪವೇ ನಿಮ್ಮ ಮೀಸಲು. ಆಮೇಲೆ ಖಾಲಿ ಟ್ಯಾಂಕಿಗೆ ಐದೈದು ಲೀಟರಿನಂತೆ ಡೀಸೆಲು ಸುರಿಯುತ್ತ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪ್ರತಿ ಸಲವೂ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಕಾಗದದಲ್ಲಿ ಗುರುತು ಮಾಡಿ ಚಾಲಕನ ಎದುರು ಅಂಟಿಸಿ. ಟ್ಯಾಂಕಿನ ಆಕಾರ ಬೇರೆಯಾದ್ದರಿಂದ ಅರ್ಧ ತೋರಿಸುವಾಗ ಅರ್ಧವೇ ಇರುತ್ತದೆ ಎಂದು ನಂಬುವಂತಿಲ್ಲ.

ಉಪ್ಪಳದ ವರ್ಕ್‌ಶಾಪಿನವರು:

ಜೋಡಿಸುವಾಗ ಹೀರುವ ಬದಿಯ ಹೋಸುಗಳನ್ನೆಲ್ಲ ಹೊಸದಾಗಿಯೇ ಹಾಕಿ. ಈ ಬದಿಯಲ್ಲಿ ಬಿರುಕಿದ್ದರೆ ಡೀಸೆಲು ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಏನೂ ಕಾಣದೆ ಬೆಳಗಿನ ಸ್ಟಾರ್ಟಿಂಗು ಮಾತ್ರ ಕಷ್ಟವಾಗುತ್ತದೆ. ಸಂಶಯವಿದ್ದರೆ ಫಿಲ್ಟರಿಗೆ ಮೊದಲು ಒಂದು ತುಂಡು ಪಾರದರ್ಶಕ ಹೋಸನ್ನು ತಾತ್ಕಾಲಿಕವಾಗಿ ಹಾಕಿದರೆ ಗುಳ್ಳೆಗಳು ಕಾಣಿಸುತ್ತವೆ. ಪೈಪು ಜೋಡಿಸುವ, ನಡುವೆ ತೂತಿರುವ ಬ್ಯಾಂಜೋ ಬೋಲ್ಟುಗಳ ವಾಷರುಗಳನ್ನು ಮರುಬಳಕೆ ಮಾಡಬೇಡಿ. ಆಮೇಲೆ ಫಿಲ್ಟರಿನ ಗಾಳಿ ಬಿಡಿಸುವ ಸ್ಕ್ರೂವನ್ನು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲು ಬರುವವರೆಗೆ ಹ್ಯಾಂಡ್ ಪಂಪು ಒತ್ತಿ. ಇದನ್ನು ಓದುವ ಕಾಮನ್ ರೈಲ್ ಗಾಡಿಯವರು ನೆನಪಿಡಿ: ಇಂಜಿನು ಓಡುತ್ತಿರುವಾಗ ಹೈ ಪ್ರೆಷರ್ ಪೈಪಿನ ನಟ್ಟನ್ನು ಎಂದೂ ಸಡಿಲಿಸಬಾರದು, ಚಿಮ್ಮುವ ಡೀಸೆಲು ಚರ್ಮವನ್ನು ತೂರಿ ಒಳಹೋಗುತ್ತದೆ.

ಗುಜರಿಯ ಟ್ಯಾಂಕಿನ ತಳದಲ್ಲಿ ಎಷ್ಟು ತೊಳೆದರೂ ಒಂದಿಷ್ಟು ಕೆಸರು ಉಳಿದಿರುತ್ತದೆ, ಆದ್ದರಿಂದ ಎರಡು ಸಲ ತುಂಬಿಸಿ ಓಡಿಸಿದ ಮೇಲೆ ಫಿಲ್ಟರು ಬದಲಿಸಿ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ತೇವ ಕಟ್ಟಿ ನೀರಾಗಿ ಇಳಿಯುತ್ತದೆ, ವಾರಕ್ಕೊಮ್ಮೆಯಾದರೂ ತಳದ ಡ್ರೈನ್ ಬೋಲ್ಟು ಸಡಿಲಿಸಿ ನೀರು ಬಿಡಿ.

ಮೈಲುತುತ್ತಿನ ವಿಷಯ ಉಳಿಯಿತು. ಸುಣ್ಣ ಸೇರಿಸಿ ಸರಿಯಾಗಿ ಹದ ಮಾಡಿದ ಬೋರ್ಡೋ ದ್ರಾವಣಕ್ಕಿಂತ ಸುಣ್ಣ ಸೇರಿಸುವ ಮೊದಲಿನ ಬರಿಯ ಮೈಲುತುತ್ತಿನ ನೀರೇ ಕಬ್ಬಿಣಕ್ಕೆ ಶತ್ರು. ಬಣ್ಣ ಹೋದ ಜಾಗಕ್ಕೆ ಬಿದ್ದರೆ ತಾಮ್ರ ಅಲ್ಲಿ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಆದ್ದರಿಂದ ಗಾಡಿಯಲ್ಲಿ ಪುಡಿಯನ್ನೂ ಸುಣ್ಣವನ್ನೂ ಬೇರೆಬೇರೆಯಾಗಿ ಒಯ್ದು, ಕರಗಿಸುವ ಕೆಲಸವನ್ನು ತೋಟದಲ್ಲೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಾಡಿ. ಹೊಸ ಟ್ಯಾಂಕಿನ ಮೇಲ್ಭಾಗಕ್ಕೆ ಎಪಾಕ್ಸಿ ಪ್ರೈಮರಿನ ಮೇಲೆ ಎರಡು ಕೋಟು ಬಣ್ಣ ಬಳಿಯಿರಿ. ಹಲಗೆಯ ಸಂದಿನಡಿ ಟ್ಯಾಂಕಿಗಿಂತ ಅಗಲವಾದ ರಬ್ಬರು ಹಾಳೆಯನ್ನು ಹೊರಕ್ಕೆ ಇಳಿಜಾರಾಗಿ ಕಟ್ಟಿದರೆ ಸೋರಿದ್ದು ಟ್ಯಾಂಕಿಗೆ ಬೀಳದೆ ರಸ್ತೆಗೆ ಹೋಗುತ್ತದೆ.

ಹೊಸಂಗಡಿ ಮೀನು ಸಾಗಾಟ:

ರಬ್ಬರು ಹಾಳೆಗೆ ಹಳೆಯ ಕನ್ವೇಯರ್ ಬೆಲ್ಟಿನ ತುಂಡು ಒಳ್ಳೆಯದು, ನಮ್ಮ ಗಾಡಿಗಳಲ್ಲಿ ಅದೇ ಇದೆ. ಟ್ಯಾಂಕಿಗೆ ತಾಗಿಸಿ ಕಟ್ಟಬೇಡಿ, ನಡುವೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಅದರಡಿಯಲ್ಲಿಯೂ ತೇವ ನಿಲ್ಲುತ್ತದೆ.